ಮೇ ತಿಂಗಳಲ್ಲಿ ಹಿಮ: ಅಮೆರಿಕದ ಕೊಲೊರಾಡೊ ರಾಜ್ಯದ ಡೆನ್ವರ್ ಸುತ್ತಿನ ಕೈತೋಟದವರ ಪ್ರಶ್ನೆ, ತೋಟಗಾರಿಕೆ ತಜ್ಞೆಯ ಉತ್ತರ

ಪ್ರಶ್ನೆ (ಅರೋರಾದಿಂದ): ನಮಸ್ಕಾರ ಮೇಡಂ. ಅಮ್ಮ ಮೈಸೂರಿಂದ ಬಂದಿದ್ದಾರೆ. ಬಂದ ವಾರವೇ ಹಿತ್ತಲಲ್ಲಿ ಪಾತಿ ಮಾಡಿಸಿ ಟೊಮೆಟೊ, ಬದನೆ, ಮೆಣಸಿನ ಸಸಿ ನೆಡಿಸಿದರು, ಹಾಗಲ ಬೀಜವನ್ನೂ ಊರಿಸಿದರು. ಈಗ 80 ಡಿಗ್ರಿ (ಇಲ್ಲಿನ ಲೆಕ್ಕ ಫ್ಯಾರನ್‌ಹೀಟ್) ಬಿಸಿಲಿದೆ. ಆದರೆ ಶುಕ್ರವಾರ ರಾತ್ರಿ ಸ್ನೋ, ಭಾನುವಾರ ಬೆಳಗಿನ ಜಾವ 34 ಅಂತ ವರದಿ ಬರ್ತಿದೆ. ನೀರು ಹೆಪ್ಪುಗಟ್ಟೋದು 32ಕ್ಕೆ, ಹಾಗಾಗಿ ಏನೂ ಆಗಲ್ಲ ಅಂತಾರೆ ನಮ್ಮ ಮನೆಯವರು. ಮದರ್ಸ್ ಡೇ (ಮೇ ಎರಡನೇ ಭಾನುವಾರ) ಕಳೆದರೆ ನೆಡಬಹುದು ಅಂತ ಪಕ್ಕದ ಮನೆಯವರೂ ಹೇಳಿದ್ದರು. ಮುಚ್ಚಲೇಬೇಕಾ?

ಉತ್ತರ: ಮುಚ್ಚಲೇಬೇಕು. ಶುಕ್ರವಾರ ಸಂಜೆಯವರೆಗೆ ಕಾಯದೆ ಇವತ್ತೇ ಗೂಟ, ಬಟ್ಟೆ ಜೋಡಿಸಿಕೊಳ್ಳಿ.

ವರದಿಯ 34 ಗಾಳಿಯ ಉಷ್ಣತೆ. ಅದನ್ನು ಅಳೆಯುವುದು ನೆಲದಿಂದ ಸುಮಾರು ಐದು ಅಡಿ ಮೇಲೆ, ನೆರಳಿನ ಪೆಟ್ಟಿಗೆಯೊಳಗೆ. ನಿಮ್ಮ ಟೊಮೆಟೊ ಎಲೆ ಇರುವುದು ನೆಲದ ಹತ್ತಿರ, ಬಯಲಲ್ಲಿ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ಎಲೆ ತನ್ನ ಶಾಖವನ್ನು ನೇರ ಆಕಾಶಕ್ಕೆ ಬಿಟ್ಟುಕೊಡುತ್ತಾ ಸುತ್ತಲ ಗಾಳಿಗಿಂತ ನಾಲ್ಕೈದು ಡಿಗ್ರಿ ಹೆಚ್ಚು ತಣ್ಣಗಾಗುತ್ತದೆ. ವರದಿಯಲ್ಲಿ 36 ಇದ್ದ ಬೆಳಿಗ್ಗೆಯೂ ಹುಲ್ಲಿನ ಮೇಲೆ ಬಿಳಿ ಕೂತಿರುವುದು ಇದರಿಂದಲೇ. ತಂಪು ಗಾಳಿ ಭಾರ, ತಗ್ಗಿಗೆ ಇಳಿದು ನಿಲ್ಲುತ್ತದೆ. ನಿಮ್ಮ ಹಿತ್ತಲು ಇಳಿಜಾರಿನ ಕೆಳಗಿದ್ದರೆ ವರದಿಗಿಂತ ಇನ್ನೂ ಕಡಿಮೆ ಅಂತ ಇಟ್ಟುಕೊಳ್ಳಿ.

ಬಹಳ ಜನ ಗಮನಿಸದ ಮಾತು ಇನ್ನೊಂದಿದೆ. ಹಿಮ ಬೀಳುವ ರಾತ್ರಿ ಮೋಡ ಮುಚ್ಚಿರುತ್ತದೆ, ನೆಲದ ಶಾಖ ಅಷ್ಟಾಗಿ ಹೋಗುವುದಿಲ್ಲ. ಅಪಾಯ ಇರುವುದು ಮೋಡ ಸರಿದು ನಕ್ಷತ್ರ ಕಾಣುವ ಮರುರಾತ್ರಿ. ಶನಿವಾರ ಬಿಸಿಲು ಬಂತು, ಮುಗಿಯಿತು ಅಂತ ಬಟ್ಟೆ ಮಡಚಿಟ್ಟವರೇ ಭಾನುವಾರ ಬೆಳಿಗ್ಗೆ ಕಪ್ಪಾದ ಗಿಡ ನೋಡುವುದು.

ಮದರ್ಸ್ ಡೇ ಲೆಕ್ಕ ಸುಳ್ಳಲ್ಲ. ಡೆನ್ವರ್‌ನ ಕೊನೆಯ ಹೆಪ್ಪುಗಟ್ಟುವ ಚಳಿ ಸರಾಸರಿಯಲ್ಲಿ ಮೇ ಮೊದಲ ವಾರದ ಆಸುಪಾಸು ಬರುತ್ತದೆ. ಆದರೆ ಸರಾಸರಿ ಅಂದಮೇಲೆ ಹೆಚ್ಚುಕಡಿಮೆ ಅರ್ಧದಷ್ಟು ವರ್ಷ ಅದರ ನಂತರವೂ ಬಂದಿದೆ ಅಂತಲೇ ಅರ್ಥ. 2007ರಲ್ಲಿ ಜೂನ್ 8ಕ್ಕೆ ಬಂದಿತ್ತು. 2022ರ ಮೇ 19ರಂದು ಇದೇ ಊರಲ್ಲಿ 85 ದಾಟಿತ್ತು. ಮರುದಿನ ರಾತ್ರಿ ಹಿಮ ಸುರಿದು ಎಲೆ ತುಂಬಿದ ಮರಗಳ ಕೊಂಬೆ ಮುರಿದವು, ಕರೆಂಟ್ ಹೋಯಿತು.

ಈಗ ಮುಚ್ಚುವ ವಿಷಯ. ಹಳೆಯ ಹತ್ತಿ ದುಪ್ಪಟಿ, ಪಂಚೆ, ಬೆಡ್‌ಶೀಟ್ ಎಲ್ಲಾ ಆಗುತ್ತದೆ. ಗಿಡದ ಮೇಲೆ ಭಾರ ಬೀಳದಂತೆ ಗೂಟದ ಮೇಲೆ ಹೊದಿಸಿ, ಅಂಚು ನೆಲ ಮುಟ್ಟಿಸಿ ಕಲ್ಲಿಡಿ. ಗಿಡವನ್ನು ಕಾಯುವುದು ಮಣ್ಣಿನಿಂದ ಏಳುವ ಶಾಖ. ಬಟ್ಟೆಯ ಕೆಲಸ ಅದನ್ನು ಹಿಡಿದಿಡುವುದಷ್ಟೇ. ಎಲೆಗಳಿಗೆ ಸುತ್ತಿ ಕಾಂಡಕ್ಕೆ ಗಂಟು ಹಾಕಿದರೆ ಆ ಶಾಖ ಒಳಗೆ ಬರದು, ಪ್ರಯೋಜನವಿಲ್ಲ. ಪ್ಲಾಸ್ಟಿಕ್ ಎಲೆಗೆ ತಾಗಿದರೆ ತಾಗಿದಲ್ಲೇ ಎಲೆ ಚಳಿಗೆ ಸುಡುತ್ತದೆ. ಒಣಮಣ್ಣಿಗಿಂತ ಹಸಿಮಣ್ಣು ಹಗಲಿನ ಶಾಖ ಚೆನ್ನಾಗಿ ಹಿಡಿಯುವುದರಿಂದ ಹಿಂದಿನ ದಿನ ಬಿಸಿಲಿರುವಾಗಲೇ ನೀರು ಹಾಕಿ. ಬೆಳಿಗ್ಗೆ ಬಿಸಿಲೇರಿದ ಮೇಲೆ ತೆಗೆಯಿರಿ, ಸಂಜೆ ಮತ್ತೆ ಹೊದಿಸಿ.

ಟೊಮೆಟೊ ಉಳಿಯುತ್ತದೆ. ಬದನೆ, ಮೆಣಸಿಗೆ ಮಾತ್ರ 50ರ ಕೆಳಗೆ ಹೋದರೇ ಬೆಳವಣಿಗೆ ನಿಂತುಬಿಡುತ್ತದೆ, ಸಾಯದಿದ್ದರೂ ವಾರಗಟ್ಟಲೆ ಮುನಿಸಿಕೊಂಡು ಕೂರುತ್ತವೆ. ಹಾಗಲ ಬೀಜ ತಣ್ಣನೆಯ ತೇವದಲ್ಲಿ ಕೊಳೆಯುವ ಸಾಧ್ಯತೆಯೇ ಹೆಚ್ಚು. ಮಣ್ಣು 65–70ಕ್ಕೆ ಬಂದ ಮೇಲೆ ಇನ್ನೊಮ್ಮೆ ಊರಿ. ಐದಾರು ಡಾಲರಿನ ಮಣ್ಣಿನ ಥರ್ಮಾಮೀಟರ್ ಒಂದು ತಂದಿಟ್ಟುಕೊಂಡರೆ ಕ್ಯಾಲೆಂಡರ್ ನೋಡುವ ಕಷ್ಟವೇ ಇಲ್ಲ. ಕೊತ್ತಂಬರಿ, ಪಾಲಕ್, ಮೂಲಂಗಿ, ಬಟಾಣಿ ಹಾಕಿದ್ದರೆ ಅವುಗಳ ಚಿಂತೆ ಬಿಡಿ, ತಡೆದುಕೊಳ್ಳುತ್ತವೆ. ಕರಿಬೇವಿನ ಕುಂಡ ಇವತ್ತೇ ಒಳಗೆ ಬರಲಿ.

ಪ್ರಶ್ನೆ (ಲಿಟಲ್‌ಟನ್‌ನಿಂದ): ಹಣ್ಣಿನ ತೋಟದವರು ರಾತ್ರಿ ಮರಗಳಿಗೆ ನೀರು ಚಿಮುಕಿಸಿ ಮಂಜುಗಡ್ಡೆ ಕಟ್ಟಿಸುವ ವಿಡಿಯೋ ನೋಡಿದೆ. ಸ್ಪ್ರಿಂಕ್ಲರ್ ಬಿಟ್ಟು ಮಲಗಿದರೆ ಸಾಕಲ್ವಾ?

ಉತ್ತರ: ದಯವಿಟ್ಟು ಬೇಡ. ನೀರು ಹೆಪ್ಪುಗಟ್ಟುವಾಗ ಶಾಖ ಬಿಡುತ್ತದೆ, ಆ ಶಾಖ ಮೊಗ್ಗನ್ನು 32ರ ಹತ್ತಿರ ಹಿಡಿದಿಡುತ್ತದೆ, ಅದು ನಿಜ. ಆದರೆ ಹೊಸ ನೀರು ಬೀಳುತ್ತಲೇ ಇರಬೇಕು, ಬೆಳಿಗ್ಗೆ ಗಡ್ಡೆ ಕರಗುವವರೆಗೂ. ಮಧ್ಯೆ ನಿಂತರೆ ಒದ್ದೆ ಗಿಡ ಒಣಗಿಡಕ್ಕಿಂತ ಬೇಗ ತಣ್ಣಗಾಗುತ್ತದೆ. ಮನೆಯ ಸ್ಪ್ರಿಂಕ್ಲರ್ ಸುತ್ತಿ ಬರುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ. ಗಡ್ಡೆಯ ಭಾರಕ್ಕೆ ಟೊಮೆಟೊ ಕಾಂಡವೂ ಮುರಿಯುತ್ತದೆ.

ಹಣ್ಣಿನವರ ಸಂಕಟ ಬೇರೆಯದೇ. ಪೀಚ್ ಹೂ ಪೂರ್ತಿ ಅರಳಿದಾಗ 27 ಡಿಗ್ರಿಗೆ ನೂರರಲ್ಲಿ ಹತ್ತು ಹೂ ಸಾಯುತ್ತವೆ, 24ಕ್ಕೆ ತೊಂಬತ್ತು. ಮೂರು ಡಿಗ್ರಿಯಲ್ಲಿ ವರ್ಷದ ಫಸಲು ಇದೆ ಅಥವಾ ಇಲ್ಲ. ರಾಕಿ ಬೆಟ್ಟಗಳ ಪಶ್ಚಿಮಕ್ಕಿರುವ ಪ್ಯಾಲಿಸೇಡ್‌ನಲ್ಲಿ 2020ರ ಏಪ್ರಿಲ್ ನಡುವಿನ ಚಳಿ ಪೀಚ್ ಬೆಳೆಯ ಬಹುಪಾಲನ್ನು ತೆಗೆದುಕೊಂಡು ಹೋಯಿತು. ಅಲ್ಲಿ ತೋಟದ ನಡುವೆ ದೊಡ್ಡ ಫ್ಯಾನ್‌ಗಳಿವೆ, ಮೇಲಿನ ಬೆಚ್ಚನೆಯ ಗಾಳಿಯನ್ನು ಕೆಳಗೆ ತಳ್ಳಲು. ಅವೂ ಸೋಲುವ ರಾತ್ರಿಗಳಿವೆ.

ಪ್ರಶ್ನೆ (ಬೌಲ್ಡರ್‌ನಿಂದ): ತೋಟಕ್ಕೆ ಹಾನಿ ಸರಿ. ಆದರೆ ಬೆಟ್ಟದ ಮೇಲೆ ಇಷ್ಟು ತಡವಾಗಿ ಬಿದ್ದ ಹಿಮದಿಂದ ಏನಾದರೂ ಉಪಯೋಗ ಇದೆಯಾ? ನಾಲ್ಕು ದಿನದಲ್ಲಿ ಕರಗಿ ಹೋಗುತ್ತಲ್ಲ?

ಉತ್ತರ: ಈ ಪ್ರಶ್ನೆ ಕೇಳಿದ್ದಕ್ಕೆ ತುಂಬಾ ಸಂತೋಷ. ಜುಲೈನಲ್ಲಿ ನಾವು ಟೊಮೆಟೊಗೆ ಹಾಕುವ ನೀರು ಎಲ್ಲಿಂದ ಬರುತ್ತದೆ ಅಂತ ನಮ್ಮವರು ಕೇಳುವುದೇ ಅಪರೂಪ.

ಡೆನ್ವರ್ ನಗರದ ನೀರಿನ ಸುಮಾರು ಅರ್ಧ ಬೆಟ್ಟದ ಆಚೆಯ ಕೊಲೊರಾಡೊ ನದಿ ಪಾತ್ರದ್ದು. ಡಿಲನ್ ಜಲಾಶಯದಿಂದ 37 ಕಿಲೋಮೀಟರ್ ಉದ್ದದ ರಾಬರ್ಟ್ಸ್ ಸುರಂಗದಲ್ಲಿ ಬೆಟ್ಟ ಸೀಳಿಕೊಂಡು ಈಚೆಗೆ ಬರುತ್ತದೆ. ಆ ಜಲಾಶಯವನ್ನು ತುಂಬುವುದು ಚಳಿಗಾಲವಿಡೀ ಬೆಟ್ಟದಲ್ಲಿ ಕೂಡಿದ ಹಿಮ. ಅದರಲ್ಲಿ ಎಷ್ಟು ನೀರಿದೆ ಅಂತ ಸ್ನೋಟೆಲ್ ಎಂಬ ಸ್ವಯಂಚಾಲಿತ ಕೇಂದ್ರಗಳು ಹಿಮವನ್ನು ತೂಗಿಯೇ ಹೇಳುತ್ತವೆ. ರಾಜ್ಯದಲ್ಲಿ ಈ ಸಂಗ್ರಹ ಸಾಮಾನ್ಯವಾಗಿ ಏಪ್ರಿಲ್ ಮೊದಲ ಭಾಗದಲ್ಲಿ ತುದಿ ಮುಟ್ಟಿ ಇಳಿಯತೊಡಗುತ್ತದೆ.

ಮೇ ಹಿಮ ಸೇರಿಸುವ ನೀರು ಸ್ವಲ್ಪವೇ ಇರಬಹುದು. ಅದರ ದೊಡ್ಡ ಉಪಕಾರ ಕರಗುವುದನ್ನು ತಡೆಯುವುದರಲ್ಲಿದೆ. ವಸಂತದ ಗಾಳಿ ಯೂಟಾ, ಅರಿಜೋನಾ ಕಡೆಯ ಮರುಭೂಮಿಯಿಂದ ಕೆಂಧೂಳು ತಂದು ಹಿಮದ ಮೇಲೆ ಹರಡುತ್ತದೆ. ಧೂಳು ಬಿಸಿಲು ಹೀರಿ ಹಿಮವನ್ನು ವಾರಗಳಷ್ಟು ಮುಂಚೆಯೇ ಕರಗಿಸಿಬಿಡುತ್ತದೆ. ಹೊಸ ಹಿಮ ಆ ಧೂಳನ್ನು ಮುಚ್ಚುತ್ತದೆ, ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲನ್ನು ವಾಪಸ್ ಕಳಿಸುತ್ತದೆ. ಜೊತೆಗೆ ಚಳಿಯ ರಾತ್ರಿಗಳಲ್ಲಿ ಹಿಮದ ರಾಶಿ ಮತ್ತೆ ತಣ್ಣಗಾಗುತ್ತದೆ. ಆ ಚಳಿ ಕಳೆಯುವವರೆಗೆ ಅದು ಕರಗಲು ಶುರುಮಾಡುವುದೇ ಇಲ್ಲ. ಹೀಗೆ ಒಂದೆರಡು ವಾರ ಉಳಿದ ಹಿಮ ಜೂನ್‌ನಲ್ಲಿ ನಿಧಾನವಾಗಿ ಹೊಳೆಗೆ ಇಳಿಯುತ್ತದೆ. ಕೊಲೊರಾಡೊ ನದಿಯನ್ನು ನಂಬಿದವರು ಏಳು ರಾಜ್ಯಗಳಲ್ಲಿ ಸುಮಾರು 4 ಕೋಟಿ ಜನ. ಹಾಗಾಗಿ ನನ್ನ ನರ್ಸರಿಯ ಸಸಿಗಳು ನಲುಗಿದ ವರ್ಷವೂ ನಾನು ಈ ಹಿಮ ಬೇಡ ಅನ್ನುವುದಿಲ್ಲ.

ಈ ವಾರಾಂತ್ಯ ಟ್ರೆಕ್ಕಿಂಗ್ ಹೋಗುವವರಿಗೊಂದು ಮಾತು: ಹೊಸ ಹಿಮದ ಮೇಲೆ ಗಟ್ಟಿ ಬಿಸಿಲು ಬಿದ್ದ ದಿನ ಕಡಿದಾದ ಇಳಿಜಾರಿನಲ್ಲಿ ಒದ್ದೆ ಹಿಮ ಜಾರುತ್ತದೆ. ಬೆಳಿಗ್ಗೆ ಬೇಗ ಹೋಗಿ ಬೇಗ ಇಳಿಯಿರಿ.

ಪ್ರಶ್ನೆ (ಅರೋರಾದಿಂದ): ದುಪ್ಪಟಿ ತೆಗೆದಿಟ್ಟೆ ಮೇಡಂ, ಥ್ಯಾಂಕ್ಸ್. ಮನೆ ಮುಂದೆ ಲೈಲಾಕ್ ಗಿಡ ಹೂ ತುಂಬಿದೆ, ಅದನ್ನು ಮುಚ್ಚಲಾಗಲ್ಲ. ಮತ್ತೆ ಅಮ್ಮ ಕೇಳ್ತಿದ್ದಾರೆ: ಅವರೆ ಯಾವಾಗ ಹಾಕೋದು?

ಉತ್ತರ: ಲೈಲಾಕ್ ಮೇಲೆ ಹಿಮ ಕೂತಾಗ ಪೊರಕೆ ಹಿಡಿದು ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ಎತ್ತಿ ಅಲುಗಿಸಿ. ಮೇಲಿನಿಂದ ಬಡಿಯಬೇಡಿ. ಗಡ್ಡೆ ಕಟ್ಟಿದ್ದರೆ ಮುಟ್ಟಲೇಬೇಡಿ, ತಾನೇ ಕರಗಲಿ. ಬಾಗಿದ ಕೊಂಬೆ ಮುಕ್ಕಾಲುಪಾಲು ತಾನೇ ಏಳುತ್ತದೆ.

ಅಮ್ಮನವರಿಗೆ ಹೇಳಿ, ಅವರೆಯನ್ನು ಜೂನ್ ಮೊದಲ ವಾರ ಬಿತ್ತಲಿ. ಆದರೆ ತಳಿ ನೋಡಬೇಕು. ನಮ್ಮ ನಾಟಿ ಅವರೆ ಹಗಲು ಗಿಡ್ಡವಾಗುವುದನ್ನು ಕಾದು ಹೂ ಬಿಡುತ್ತದೆ. ಇಲ್ಲಿ ಅದು ಹೂ ಕಟ್ಟಿ ಕಾಯಿ ಬಲಿಯುವ ಮೊದಲೇ ಅಕ್ಟೋಬರ್ ಮೊದಲಲ್ಲಿ ಚಳಿ ಬಂದು ಬಳ್ಳಿ ಸುಡುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳು ಹಗಲಿನ ಉದ್ದಕ್ಕೆ ಕಾಯುವುದಿಲ್ಲ. ಅಂಥ ತಳಿ ಇಲ್ಲೇ ಸಿಗುತ್ತದಾ ಮೊದಲು ವಿಚಾರಿಸಿ. ಊರಿಂದ ತರಿಸುವುದಾದರೆ ಅಮೆರಿಕದ ಕೃಷಿ ಇಲಾಖೆಯ ಅನುಮತಿ ಅಥವಾ ಭಾರತದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಸೂಟ್‌ಕೇಸಿನಲ್ಲಿ ಹಾಗೇ ತಂದರೆ ವಿಮಾನ ನಿಲ್ದಾಣದಲ್ಲೇ ತೆಗೆದುಕೊಳ್ಳುತ್ತಾರೆ.