ಹೊಗೆಯಿಲ್ಲದ ಹೊಗೆಸೊಪ್ಪು: ಸರಿಯೇ?

ಪ್ರಶ್ನೆ:
ನಾಳೆ ಬೆಳಗ್ಗೆಯೊಳಗೆ ಬೇಕು. ಜಾಗತಿಕ ಯುವ ತಂಬಾಕು ಸಮೀಕ್ಷೆಯ 2019ರ ಭಾರತದ ವರದಿಯನ್ನು ಹೈಸ್ಕೂಲ್ ಮೇಷ್ಟ್ರುಗಳಿಗಾಗಿ ಎರಡು ಪುಟಕ್ಕೆ ಇಳಿಸುತ್ತಿದ್ದೇನೆ. 13ರಿಂದ 15 ವರ್ಷದ ಶಾಲಾ ಮಕ್ಕಳಲ್ಲಿ ಶೇ. 8.5ರಷ್ಟು ಮಂದಿ ಬಳಸುತ್ತಿದ್ದಾರೆ ಎಂಬಲ್ಲಿಯವರೆಗೂ ‘ಹೊಗೆಸೊಪ್ಪು’ ಎಂದೇ ಬರೆದೆ. ‘ಸ್ಮೋಕ್‌ಲೆಸ್ ಟೊಬ್ಯಾಕೊ’ ಬಂದಾಗ ಕೈ ನಿಂತಿತು. ‘ಹೊಗೆಯಿಲ್ಲದ ಹೊಗೆಸೊಪ್ಪು’ ಅಂದರೆ ವಿಚಿತ್ರ ಅಲ್ವಾ? ಹಾಗೇ ‘ಎವರ್ ಯೂಸರ್’, ‘ಕರೆಂಟ್ ಯೂಸರ್’ ಇವಕ್ಕೆ ಏನು?

ಮರು 1:
ವಿಚಿತ್ರ ಏನೂ ಇಲ್ಲ. ಎಳ್ + ನೆಯ್ = ಎಣ್ಣೆ. ಆದರೂ ಕೊಬ್ಬರಿ ಎಣ್ಣೆ, ಸೀಮೆಎಣ್ಣೆ ಅನ್ನುತ್ತೇವೆ. ಅವುಗಳಲ್ಲಿ ಎಳ್ಳು ಎಲ್ಲಿದೆ? ಪದ ಬೆಸೆದ ಮೇಲೆ ತುಂಡು ಎಣಿಸಬಾರದು. ಪೊಗೆ, ಹೊಗೆ, ತಮಿಳಿನ ಪುಗೈಯಿಲೈ, ತೆಲುಗಿನ ಪೊಗಾಕು, ಎಲ್ಲಕ್ಕೂ ಒಂದೇ ಬೇರು. ತಂಬಾಕು ಪೋರ್ಚುಗೀಸರ ಕಾಲದಲ್ಲಿ ಬಂದ ಮಾತು. ಬಿಡಿ ಅದನ್ನು.

ಮರು 2:
ಗಿಡವೂ ಅವರ ಕಾಲದಲ್ಲೇ ಬಂದದ್ದು. ಹೆಸರೊಂದೇ ಏಕೆ ಹೊರಗಿನದು? ನಿಪ್ಪಾಣಿ ಕಡೆ ಬೆಳೆಯುವವರಿಗೆ ಅದು ತಂಬಾಕು. ಹುಣಸೂರು, ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪು. ಎರಡೂ ಕನ್ನಡ. ಎಣ್ಣೆಯ ಹೋಲಿಕೆ ಇಲ್ಲಿ ನಿಲ್ಲುವುದಿಲ್ಲ. ಎಣ್ಣೆ ಅಂದಾಗ ಎಳ್ಳು ಯಾರ ಕಿವಿಗೂ ಬೀಳುವುದಿಲ್ಲ, ಹೊಗೆಸೊಪ್ಪು ಅಂದಾಗ ಹೊಗೆ ಬೀಳುತ್ತದೆ.

ಮರು 3:
ಬೀಳುವುದಿಲ್ಲ. ನಮ್ಮ ಅಜ್ಜಿ ಎಲೆಅಡಿಕೆ ಜೊತೆ ಹಾಕಿಕೊಳ್ಳುತ್ತಿದ್ದದ್ದೇ ಹೊಗೆಸೊಪ್ಪು. ನಮ್ಮ ಮನೆಯಲ್ಲಿ ಅದು ಜಗಿಯುವ ವಸ್ತು. ಸೇದುವುದಕ್ಕೆ ಬೀಡಿ, ಸಿಗರೇಟು ಎಂಬ ಹೆಸರುಗಳಿದ್ದವು.

ಆದರೆ ‘ಜಗಿಯುವ’ ಅಂತ ಬರೆಯಬೇಡಿ, ನಶ್ಯ ಬಿಟ್ಟುಹೋಗುತ್ತದೆ. ‘ಸೇದದ’ ಅಂತಲೂ ಬೇಡ, ನಶ್ಯವನ್ನೂ ಸೇದುತ್ತಾರೆ. ‘ಹೊಗೆ ಬಿಡದ ತಂಬಾಕು’ ಎಂದು ಬರೆದು ಪಕ್ಕದಲ್ಲೇ ಗುಟ್ಕಾ, ಖೈನಿ, ಕಡ್ಡಿಪುಡಿ, ನಶ್ಯ ಎಂದು ಹೆಸರು ಹಾಕಿ. ಅದೇ ವರದಿಯಲ್ಲಿ ಇದನ್ನು ಶುರು ಮಾಡಿದವರ ಮಧ್ಯಕ ವಯಸ್ಸು 9.9 ವರ್ಷ, ಅಂದರೆ ಅರ್ಧದಷ್ಟು ಮಂದಿ ಅದಕ್ಕೂ ಮೊದಲೇ ಶುರು ಮಾಡಿದ್ದಾರೆ. ಅಷ್ಟು ಚಿಕ್ಕ ಮಗುವಿಗೆ ಗೊತ್ತಿರುವುದು ಪೊಟ್ಟಣದ ಹೆಸರು.

‘ಕರೆಂಟ್ ಯೂಸರ್’ಗೆ ‘ಪ್ರಸ್ತುತ ಬಳಕೆದಾರ’ ಖಂಡಿತ ಬೇಡ. ಸಮೀಕ್ಷೆಯಲ್ಲಿ ಅದರ ಅರ್ಥ ಕಳೆದ 30 ದಿನದಲ್ಲಿ ಒಂದು ದಿನವಾದರೂ ಬಳಸಿದವರು. ಕನ್ನಡದಲ್ಲಿ ‘ಸೇದುತ್ತೀಯಾ?’ ಅಂದರೆ ಚಟ ಇದೆಯಾ ಅಂತ. ಹೋದ ವಾರ ಜಾತ್ರೆಯಲ್ಲಿ ಒಂದೇ ಒಂದು ಸೇದಿದ ಹುಡುಗ ‘ಇಲ್ಲ’ ಅನ್ನುತ್ತಾನೆ, ಸುಳ್ಳೂ ಹೇಳಿರುವುದಿಲ್ಲ. ಲೆಕ್ಕ ಮಾತ್ರ ತಪ್ಪುತ್ತದೆ. ‘ಕಳೆದ 30 ದಿನದಲ್ಲಿ ಬಳಸಿದವರು’ ಎಂದು ಪೂರ್ತಿ ಬರೆಯಿರಿ. ‘ಎವರ್’ಗೆ ‘ಒಮ್ಮೆಯಾದರೂ ಬಳಸಿದವರು’. ಒಂದೆರಡು ದಮ್ಮು ಎಳೆದವರೂ ಅದರಲ್ಲಿ ಬರುತ್ತಾರೆ.

ಮರು 4:
ದಮ್ಮು ಪಾರ್ಸಿ ಪದ. ‘ಸೇದು’ ಇರುವಾಗ ಅದೇಕೆ? ಹೀಗೆ ಒಂದೊಂದಾಗಿ ಬಿಟ್ಟುಕೊಟ್ಟೇ ನಮ್ಮ ಮಾತು ಬಡವಾಯಿತು.

ಮರು 5:
‘ಸೇದು’ ಕ್ರಿಯೆ. ಎಷ್ಟು ಸಲ ಎಳೆದೆ ಎಂದು ಎಣಿಸಲು ಹೆಸರು ಬೇಕು. ನಿಮ್ಮ ಹತ್ತಿರ ಇದ್ದರೆ ಕೊಡಿ. ಇಲ್ಲದಿದ್ದರೆ ಹುಡುಗರ ಬಾಯಲ್ಲಿರುವುದೇ ಇರಲಿ.

ಮರು 6:
ಪ್ರಶ್ನೆ ಕೇಳಿದವನು ನಾನೇ. ‘ಹೊಗೆ ಬಿಡದ ತಂಬಾಕು’ ಹಾಕಿದೆ, ನಾಲ್ಕು ಹೆಸರೂ ಹಾಕಿದೆ. ಉಳಿದ ಕಡೆ ಹೊಗೆಸೊಪ್ಪು ತೆಗೆದು ತಂಬಾಕು ಮಾಡಿದೆ. ಒಂದೇ ಹಾಳೆಯಲ್ಲಿ ಎರಡು ಹೆಸರಿದ್ದರೆ ಓದುವವರು ಎರಡು ವಸ್ತು ಅಂದುಕೊಳ್ಳುತ್ತಾರೆ. ದಮ್ಮು ಉಳಿಸಿಕೊಂಡಿದ್ದೇನೆ.