ಇಂಟರ್‌ವ್ಯೂನಲ್ಲಿ ಜೋಕ್ ಹೊಡೆದೆ, ಕೆಲಸ ಹೋಯ್ತಾ? ಈ ವಾರದ ಪ್ರಶ್ನೋತ್ತರ

ನಮಸ್ಕಾರ. ಈ ವಾರ ಉತ್ತರ ಕೊಡೋಳು ನಾನು. ಬೆಂಗಳೂರಿನಲ್ಲಿ 17 ವರ್ಷದಿಂದ ಜನರನ್ನು ಕೆಲಸಕ್ಕೆ ಸೇರಿಸುವುದೇ ನನ್ನ ಕೆಲಸ. ಮೊದಲು ಕನ್ಸಲ್ಟೆನ್ಸಿಯಲ್ಲಿ ಕೂತು ಬೆಳಿಗ್ಗೆಯಿಂದ ಸಂಜೆವರೆಗೂ ಫೋನ್ ಮಾಡುತ್ತಿದ್ದೆ, ಈಗ ಒಂದು ಸಾಫ್ಟ್‌ವೇರ್ ಕಂಪನಿಯ ಎಚ್‌ಆರ್‌ನಲ್ಲಿದ್ದೇನೆ. ರೆಸ್ಯೂಮೆ ಹಾಕಬೇಡಿ, ಪ್ರಶ್ನೆ ಹಾಕಿ. ಕಳೆದ ಸಲ ಒಬ್ಬರು ತಮ್ಮ ಮಗನ ಜಾತಕವನ್ನೂ ಹಾಕಿದ್ದರು.

ಪ್ರಶ್ನೆ (ದಾವಣಗೆರೆಯ ಫ್ರೆಶರ್): ಮೇಡಂ, ಹೋದ ವಾರ ಬೆಂಗಳೂರಲ್ಲಿ ಇಂಟರ್‌ವ್ಯೂ ಇತ್ತು. ಮೂರು ಜನ ಕೂತಿದ್ದರು. "ಐದು ವರ್ಷ ಬಿಟ್ಟು ಎಲ್ಲಿರ್ತೀರಿ?" ಅಂತ ಕೇಳಿದರು. ನಾನು "ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲೇ ಇರ್ತೀನಿ ಸರ್" ಅಂದೆ. ಒಬ್ಬರು ನಕ್ಕರು, ಇನ್ನಿಬ್ಬರು ನಗಲಿಲ್ಲ. ಇನ್ನೂ ಫೋನ್ ಬಂದಿಲ್ಲ. ಜೋಕ್‌ನಿಂದ ಕೆಲಸ ಹೋಯ್ತಾ?

ಉತ್ತರ: ನಾನಿದ್ದಿದ್ದರೆ ನಗುತ್ತಿದ್ದೆ. ನಗದೇ ಇದ್ದ ಇಬ್ಬರು ಅವತ್ತು ಬೆಳಿಗ್ಗೆ ಅದೇ ಸಿಗ್ನಲ್‌ನಲ್ಲಿ ಮುಕ್ಕಾಲು ಗಂಟೆ ನಿಂತು ಬಂದಿರಬಹುದು, ಪಾಪ. ಅದಿರಲಿ, ಜೋಕ್ ಆದ ಮೇಲೆ ಏನು ಹೇಳಿದ್ರಿ?

ಅವರೇ: ಏನೂ ಹೇಳಲಿಲ್ಲ ಮೇಡಂ. ಅವರೂ ಮುಂದಿನ ಪ್ರಶ್ನೆಗೆ ಹೋದರು.

ಉತ್ತರ: ಅಲ್ಲೇ ನೋಡಿ ಎಡವಟ್ಟಾಗಿದ್ದು. ಜೋಕ್ ಅನ್ನೋದು ಉಪ್ಪಿನಕಾಯಿ. ನೀವು ಎಲೆ ಹಾಕಿ, ಉಪ್ಪಿನಕಾಯಿ ಬಡಿಸಿ, ಊಟ ಮುಗೀತು ಅಂತ ಎಲೆ ಎತ್ತಿಬಿಟ್ಟಿರಿ. ಒಳಗಿನ ವಿಷಯ ಹೇಳ್ತೀನಿ. ನೀವು ಹೊರಗೆ ಹೋದ ಮೇಲೆ ಆ ಮೂವರೂ ಒಂದು ಫಾರಂ ತುಂಬಬೇಕು. ಸಾಮಾನ್ಯವಾಗಿ ಒಂದೊಂದು ವಿಷಯಕ್ಕೆ 1ರಿಂದ 5ರವರೆಗೆ ಅಂಕ ಇರುತ್ತೆ, ಪಕ್ಕದಲ್ಲಿ ಎರಡು ಸಾಲು ಕಾರಣ ಬರೀಬೇಕು. ನಿಮ್ಮ ಜೋಕಿಗೆ ನಕ್ಕವರು ಕೂಡ ಅಲ್ಲಿ "ಚೆನ್ನಾಗಿ ನಗಿಸಿದ" ಅಂತ ಬರೆಯೋಕಾಗಲ್ಲ. ನೀವು ಜೋಕ್ ಮುಗಿಸಿ, ಅವರು ನಗುತ್ತಿರುವಾಗಲೇ, "ಸಿಗ್ನಲ್ ದಾಟಿದ ಮೇಲೆ ಟೆಸ್ಟಿಂಗ್ ಆಟೊಮೇಷನ್ ಚೆನ್ನಾಗಿ ಕಲಿತು ಒಂದು ಸಣ್ಣ ಟೀಮ್ ನೋಡ್ಕೋಬೇಕು ಅಂತಿದೆ ಸರ್, ಕಾಲೇಜ್ ಪ್ರಾಜೆಕ್ಟ್‌ನಲ್ಲಿ ನನಗೆ ಹಿಡಿಸಿದ್ದೇ ಅದು" ಅಂದಿದ್ದರೆ ಆ ಜಾಗ ತುಂಬುತ್ತಿತ್ತು. ಜೋಕೂ ನೆನಪಿರುತ್ತಿತ್ತು. ದಿನಕ್ಕೆ ಎಂಟು ಜನರನ್ನು ನೋಡುವವರಿಗೆ ಸಂಜೆ ಹೊತ್ತಿಗೆ ಹೆಸರು ಮರೆತುಹೋಗಿರುತ್ತೆ, "ಆ ಸಿಲ್ಕ್ ಬೋರ್ಡ್ ಹುಡುಗ" ಮರೆಯಲ್ಲ.

ಇನ್ನೊಂದು ಮಾತು. ಮನೆಯಿಂದ ಕಲಿತುಕೊಂಡು ಬಂದ ಜೋಕ್ ಬೇಡ. ಅಲ್ಲೇ ಆಗಿದ್ದಕ್ಕೆ ಬರುವ ಮಾತು ಸಾಕು. 2020ರ ಲಾಕ್‌ಡೌನ್‌ನಲ್ಲಿ ಒಬ್ಬಳು ಹುಡುಗಿಗೆ ವಿಡಿಯೊ ಇಂಟರ್‌ವ್ಯೂ ನಡೀತಿತ್ತು, ಡೇಟಾಬೇಸ್‌ನಿಂದ ಮಾಹಿತಿ ತೆಗೆಯೋ ಕ್ವೆರಿ ಬರೀತಿದ್ದಳು. ಹಿಂದೆ ಕುಕ್ಕರ್ ಕೂಗಿತು. ಅವಳು ಗಾಬರಿಯಾಗದೆ, "ಸರ್, ಮೂರಕ್ಕೆ ಆಫ್ ಮಾಡ್ಬೇಕು, ಇದು ಎರಡನೇದು, ಅಷ್ಟರೊಳಗೆ ಈ ಕ್ವೆರಿ ಮುಗಿಸ್ತೀನಿ" ಅಂದಳು. ಮುಗಿಸಿದಳು ಕೂಡ. ಆ ಕಡೆಯಿದ್ದ ಮ್ಯಾನೇಜರ್ ಮುಖದಲ್ಲಿ ನಗು ನೋಡಿದ್ದು ನಾನು ಅವತ್ತೇ ಮೊದಲು.

ಫೋನ್ ಬಂದಿಲ್ಲ ಅಂತ ಸುಮ್ನೆ ಕೂರಬೇಡಿ. ಒಂದು ವಾರ ಆಗಿದೆಯಲ್ಲ, ಎರಡು ಸಾಲಿನ ಮೇಲ್ ಹಾಕಿ, ಏನಾಯ್ತು ಅಂತ ಕೇಳಿ. ತಪ್ಪೇನಿಲ್ಲ.

ಪ್ರಶ್ನೆ (ಟೀಮ್ ಲೀಡ್, ಬೆಂಗಳೂರು): ನಾನು ಮೇಜಿನ ಈ ಕಡೆ ಕೂರೋನು. ಬರೋರೆಲ್ಲ ಮರಗಟ್ಟಿ ಕೂತಿರ್ತಾರೆ, ಸ್ವಲ್ಪ ಹಗುರ ಮಾಡೋಣ ಅಂತ ತಮಾಷೆ ಮಾಡ್ತೀನಿ. ಹೋದ ತಿಂಗಳು ಒಬ್ಬರ ರೆಸ್ಯೂಮೆಯಲ್ಲಿ ಮೂರು ವರ್ಷ ಗ್ಯಾಪ್ ಇತ್ತು. "ಏನ್ರೀ, ಮೂರು ವರ್ಷ ರಜಾನಾ?" ಅಂದೆ. ಆಮೇಲೆ ಅವರು ಒಂದೊಂದೇ ಪದದಲ್ಲಿ ಉತ್ತರ ಕೊಟ್ಟರು. ನಾನು ಅಷ್ಟು ದೊಡ್ಡ ತಪ್ಪು ಮಾಡಿದೆನಾ?

ಉತ್ತರ: ಮಾಡಿದಿರಿ. ನೀವು ಕೆಟ್ಟವರು ಅಂತಲ್ಲ. ಕೆಲಸ ನಿಮ್ಮ ಕೈಯಲ್ಲಿದೆ, ಅವರಿಗೆ ಅದು ಬೇಕು, ಹಾಗಾಗಿ ನೀವು ಏನು ಹೇಳಿದರೂ ಅವರು ನಗಲೇಬೇಕು. ಮನೆಗೆ ಬಂದ ಬೀಗರು ಹೇಳಿದ ಜೋಕಿಗೆ ಹೆಣ್ಣಿನ ಕಡೆಯವರು ನಗೋ ಹಾಗೆ! ಆ ಮೂರು ವರ್ಷ ಅವರು ಮಗು ನೋಡಿಕೊಂಡಿರಬಹುದು, ಅಪ್ಪನ ಡಯಾಲಿಸಿಸ್‌ಗೆ ಓಡಾಡಿರಬಹುದು. ಅವರಿಗೆ ನಿದ್ದೆಯೇ ಇಲ್ಲದ ವರ್ಷಗಳನ್ನು ನೀವು ರಜೆ ಅಂದಿರಿ.

ನಗಿಸಬೇಕು ಅಂತಿದ್ದರೆ ನಿಮ್ಮ ಮೇಲೆ ನೀವೇ ಹೇಳಿಕೊಳ್ಳಿ. ನನ್ನ ಹಳೆ ಬಾಸ್ ಒಬ್ಬರು ಶುರುವಿನಲ್ಲೇ, "ನನ್ನ ಮೊದಲ ಇಂಟರ್‌ವ್ಯೂನಲ್ಲಿ ನಾನು ತಳ್ಳೋ ಬಾಗಿಲನ್ನ ಎರಡು ನಿಮಿಷ ಎಳೆದಿದ್ದೆ, ನೀವು ಒಂದೇ ಸಲಕ್ಕೆ ಒಳಗೆ ಬಂದ್ರಿ, ಆಗಲೇ ನನಗಿಂತ ಮುಂದಿದ್ದೀರಿ" ಅನ್ನೋರು. ನೂರಾರು ಸಲ ಅದನ್ನೇ ಕೇಳಿದ್ದೀನಿ. ಪ್ರತಿಸಲ ಎದುರಿಗಿದ್ದವರ ಭುಜ ಕೆಳಗಿಳಿಯೋದು ಕಾಣಿಸ್ತಿತ್ತು. ನಿಜ ಹೇಳಬೇಕು ಅಂದ್ರೆ ಜೋಕಿಗಿಂತ ಜಾಸ್ತಿ ಕೆಲಸ ಮಾಡೋದು ಚಿಕ್ಕಪುಟ್ಟ ವಿಷಯ. ನೀರು ಕೊಡಿ. ಎಷ್ಟು ಹೊತ್ತು ಅಂತ ಹೇಳಿ. ಯಾರ್ಯಾರು ಏನೇನು ಕೇಳ್ತಾರೆ ಅಂತ ಮೊದಲೇ ತಿಳಿಸಿ. ಮೊದಲ ಪ್ರಶ್ನೆ ಅವರೇ ಮಾಡಿದ ಕೆಲಸದ ಬಗ್ಗೆ ಇರಲಿ, "ನಿಮ್ಮ ಬಗ್ಗೆ ಹೇಳಿ" ಅಂದ್ರೆ ನಾನೂ ತಡವರಿಸ್ತೀನಿ.

ಆದರೆ ಈ ಹರಟೆ ಐದು ನಿಮಿಷಕ್ಕೆ ಮುಗೀಬೇಕು. ಆಮೇಲೆ ಎಲ್ಲರಿಗೂ ಅದೇ ಪ್ರಶ್ನೆಗಳು, ಅದೇ ಅಳತೆ. ಸುಮ್ನೆ ಹೇಳ್ತಿಲ್ಲ. ಅಮೆರಿಕದ ಮನಃಶಾಸ್ತ್ರಜ್ಞ ಪಾಲ್ ಸ್ಯಾಕೆಟ್ ಮತ್ತು ಜೊತೆಗಾರರು 2022ರಲ್ಲಿ ಹಳೆ ಅಧ್ಯಯನಗಳ ಲೆಕ್ಕವನ್ನೆಲ್ಲ ಮತ್ತೆ ಹಾಕಿದರು. ಇಂಟರ್‌ವ್ಯೂನಲ್ಲಿ ಚೆನ್ನಾಗಿ ಕಂಡವರು ಮುಂದೆ ಕೆಲಸದಲ್ಲೂ ಚೆನ್ನಾಗಿ ಮಾಡ್ತಾರಾ ಅನ್ನೋದಕ್ಕೆ ಒಂದು ಅಳತೆ ಇದೆ. 0 ಅಂದ್ರೆ ನಾಣ್ಯ ಹಾರಿಸಿದ ಹಾಗೆ, 1 ಅಂದ್ರೆ ಕಣಿ ಹೇಳಿದಷ್ಟು ಪಕ್ಕಾ. ಮೊದಲೇ ಪ್ರಶ್ನೆ ಬರೆದಿಟ್ಟುಕೊಂಡು ಎಲ್ಲರಿಗೂ ಒಂದೇ ಥರ ಕೇಳಿದ ಇಂಟರ್‌ವ್ಯೂಗೆ 0.42 ಬಂತು. ಬಾಯಿಗೆ ಬಂದದ್ದು ಕೇಳ್ತಾ ಹೋದದ್ದಕ್ಕೆ 0.19. ಅರ್ಧಕ್ಕಿಂತ ಕಮ್ಮಿ! ನಾವೆಲ್ಲ "ಐದು ನಿಮಿಷ ಮಾತಾಡಿದ್ರೆ ಮನುಷ್ಯ ಗೊತ್ತಾಗ್ತಾನೆ" ಅಂತ ಮೀಸೆ ತಿರುವೋದು ಈ 0.19ರ ಮೇಲೆ.

ಪ್ರಶ್ನೆ (ಹೆಸರು ಬೇಡ ಅಂದಿದ್ದಾರೆ): ನಮ್ಮೂರಿನ ಕಡೆಯವರೇ ಇಂಟರ್‌ವ್ಯೂ ಮಾಡಿದರು. "ಯಾವೂರು?" ಅಂದರು, ಖುಷಿಯಾಯ್ತು. ಆಮೇಲೆ "ಅಲ್ಲಿ ಯಾರ ಪೈಕಿ?" ಅಂದರು. ಏನು ಹೇಳಬೇಕಿತ್ತು?

ಉತ್ತರ: ಇದನ್ನು ಯಾರಾದರೂ ಕೇಳಲಿ ಅಂತ ಕಾಯ್ತಿದ್ದೆ. "ಯಾವೂರು" ಒಳ್ಳೆ ಪ್ರಶ್ನೆ, ಬಸ್ಸಲ್ಲಿ, ಮದುವೆ ಮನೇಲಿ. ಇಂಟರ್‌ವ್ಯೂ ಕೋಣೆಯಲ್ಲಿ ಅದಕ್ಕೆ ಬಾಲ ಇರುತ್ತೆ. ಊರು, ಆಮೇಲೆ ಬೀದಿ, ಆಮೇಲೆ ಮನೆದೇವರು, ಆಮೇಲೆ "ಹಾಗಾದ್ರೆ ನಮ್ಮವರೇ". ಜಾತಿ ಅನ್ನೋ ಪದವನ್ನು ಒಂದು ಸಲವೂ ಬಾಯಿಬಿಟ್ಟು ಹೇಳದೆ ಜಾತಿ ಗೊತ್ತಾಗಿಬಿಡುತ್ತೆ. ಹೊರಗಿನಿಂದ ನೋಡಿದರೆ ಎಷ್ಟು ಆತ್ಮೀಯವಾಗಿ ಮಾತಾಡ್ತಿದ್ದಾರೆ ಅನ್ನಿಸುತ್ತೆ. ಹಿಂದೆ ನನ್ನ ಜೊತೆ ಒಬ್ಬರು ಮ್ಯಾನೇಜರ್ ಇದ್ದರು. ಅವರ ಕಡೆಯವರು ಬಂದರೆ ಇಂಟರ್‌ವ್ಯೂ 50 ನಿಮಿಷ, ಮಿಕ್ಕವರಿಗೆ 20. ಕೆಟ್ಟ ಪ್ರಶ್ನೆ ಯಾರಿಗೂ ಕೇಳ್ತಿರಲಿಲ್ಲ. ಹೊತ್ತು ಮಾತ್ರ ಸಮನಾಗಿ ಹಂಚಿಕೆ ಆಗ್ತಿರಲಿಲ್ಲ.

ನಾನೂ ಸಾಚಾ ಅಲ್ಲ. ನಾನು ತಿಪಟೂರಿನವಳು. ರೆಸ್ಯೂಮೆಯಲ್ಲಿ ತಿಪಟೂರು ಅಂತ ಕಂಡರೆ ಕೊಬ್ಬರಿ ವಾಸನೆ ಬಂದು ಮನಸ್ಸು ಕರಗುತ್ತೆ. ಅದಕ್ಕೇ ನಮ್ಮ ಕಡೆಯವರು ಬಂದಾಗ ಅಂಕ ಹಾಕೋಕೆ ಪಕ್ಕದವಳಿಗೆ ಕೊಡ್ತೀನಿ. ಅವಳು ಅಸ್ಸಾಮಿನವಳು, ಅವಳಿಗೆ ಕೊಬ್ಬರಿ ಬಗ್ಗೆ ಏನೂ ಅನ್ನಿಸಲ್ಲ.

ನೀವು ಹೇಳಬಹುದಾಗಿದ್ದು ಇಷ್ಟೇ. ಊರಿನ ಹೆಸರು ಹೇಳಿ, ಅಲ್ಲಿನ ಸಂತೆಯೋ ಜಾತ್ರೆಯೋ ತಿಂಡಿಯೋ ಒಂದನ್ನು ನಗುನಗುತ್ತಾ ಹೇಳಿ, ಮಾತನ್ನು ಕೆಲಸದ ಕಡೆ ತಿರುಗಿಸಿ. "ಯಾರ ಪೈಕಿ" ಅಂದರೆ "ಅಪ್ಪ ಇಂಥ ಕೆಲಸ ಮಾಡ್ತಾರೆ ಸರ್" ಅಂತ ಅಲ್ಲಿಗೆ ಮುಗಿಸಿ. ಮತ್ತೂ ಕೆದಕಿದರೆ ಎಚ್‌ಆರ್‌ಗೆ ಬರೆದು ತಿಳಿಸಿ. ಅಂಥ ಟೀಮ್‌ಗೆ ಸೇರಬೇಕಾ ಅಂತಲೂ ಯೋಚನೆ ಮಾಡಿ.

ಕಾಮೆಂಟ್ (ಹುಬ್ಬಳ್ಳಿ): ಏನ್ರೀ ಮೇಡಂ, ನಗು, ಆತ್ಮೀಯತೆ ಎಲ್ಲಾ ನಾಟಕ. ಮೊದಲು ಪಗಾರ ಎಷ್ಟು ಅಂತ ಹೇಳ್ರಿ.

ಉತ್ತರ: ಪೂರ್ತಿ ಒಪ್ಪಿದೆ ಅಣ್ಣಾ. ಮೂರು ರೌಂಡ್ ನಗುನಗುತ್ತಾ ಮಾತಾಡಿಸಿ, ಕೊನೆಗೆ ಈಗಿರೋದಕ್ಕಿಂತ ಕಮ್ಮಿ ಸಂಬಳ ಹೇಳೋದಕ್ಕಿಂತ ಕ್ರೂರ ಜೋಕ್ ಇನ್ನೊಂದಿಲ್ಲ. ನಾನು ಮೊದಲ ಫೋನಿನಲ್ಲೇ ಇಷ್ಟರಿಂದ ಇಷ್ಟು ಅಂತ ಹೇಳಿಬಿಡ್ತೀನಿ. ಅರ್ಧ ಜನ ಅಲ್ಲೇ ಇಡ್ತಾರೆ. ಇಡಲಿ ಬಿಡಿ.

ಪ್ರಶ್ನೆ (ಮೈಸೂರು): ಅಕ್ಕಾ, ಈಗ ಕೆಲವು ಕಡೆ ಮನುಷ್ಯರೇ ಇರಲ್ಲ. ಪರದೆ ಮೇಲೆ ಪ್ರಶ್ನೆ ಬರುತ್ತೆ, ಕ್ಯಾಮೆರಾಗೆ ಉತ್ತರ ಹೇಳಿ ರೆಕಾರ್ಡ್ ಮಾಡಬೇಕು. ಅಲ್ಲಿ ನಗ್ತಾ ಇರಬೇಕಾ?

ಉತ್ತರ: ಗೋಡೆಗೆ ಹಲ್ಲು ಕಿರಿದ ಹಾಗಾಗುತ್ತೆ. ಮುಖಭಾವ ನೋಡಿ ಅಂಕ ಹಾಕೋ ಸಾಫ್ಟ್‌ವೇರ್ ಕೆಲವು ವರ್ಷ ಓಡಿದ್ದು ನಿಜ. ಆದರೆ ಆ ವ್ಯಾಪಾರದಲ್ಲಿ ದೊಡ್ಡ ಹೆಸರಾದ ಅಮೆರಿಕದ ಹೈರ್‌ವ್ಯೂ ಕಂಪನಿ ಟೀಕೆಗಳೆಲ್ಲ ಬಂದ ಮೇಲೆ ಅದನ್ನು ಕೈಬಿಟ್ಟಿದ್ದಾಗಿ 2021ರಲ್ಲಿ ಹೇಳಿತು. ಹಾಗಾಗಿ ನಗುವಿಗಿಂತ ಮಾತಿನ ಕಡೆ ಗಮನ ಕೊಡಿ. ಕ್ಯಾಮೆರಾ ಪಕ್ಕದಲ್ಲಿ ತಂಗಿಯನ್ನೋ ಗೆಳತಿಯನ್ನೋ ಕೂರಿಸಿಕೊಂಡು ಒಂದು ಸಲ ಪ್ರಾಕ್ಟೀಸ್ ಮಾಡಿ, ಅವರಿಗೆ ಹೇಳ್ತಿರೋ ಹಾಗೆ. ನಿಜವಾದ ರೆಕಾರ್ಡಿಂಗ್ ಹೊತ್ತಿಗೆ ಅವರನ್ನು ಹೊರಗೆ ಕಳಿಸಿ, ಇಲ್ಲಾಂದ್ರೆ ಯಾರೋ ಪಕ್ಕದಲ್ಲಿ ಹೇಳಿಕೊಡ್ತಿದ್ದಾರೆ ಅಂದ್ಕೋತಾರೆ.

ಪ್ರಶ್ನೆ (ಹೊಸದಾಗಿ ರಿಕ್ರೂಟರ್ ಆದವರು): ಮೇಡಂ, ಆಫರ್ ಲೆಟರ್ ತಗೊಂಡು 90 ದಿನ ನೋಟಿಸ್ ಪಿರಿಯಡ್ ಮುಗಿಸಿ, ಸೇರೋ ದಿನ ಫೋನ್ ಸ್ವಿಚ್ ಆಫ್. ಈ ತಿಂಗಳು ಮೂರು ಜನ ಹೀಗೆ ಮಾಡಿದರು. ನಂಬೋದೇ ಬಿಟ್ಟುಬಿಡಲಾ?

ಉತ್ತರ: ಮೊದಲು ನಮ್ಮ ಬೆನ್ನು ನೋಡಿಕೊಳ್ಳೋಣ. ಹಿಂದೆ ದೆವ್ವ ಬರಬಾರದು ಅಂತ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೀತಿದ್ದರಲ್ಲ, ನಾವು ಕ್ಯಾಂಡಿಡೇಟ್‌ಗಳಿಗೆ ಅದನ್ನೇ "ತಿಳಿಸ್ತೀವಿ" ಅಂತ ಬರೀತೀವಿ. ತಿಳಿಸೋದೇ ಇಲ್ಲ. ಅವರೂ ನಮ್ಮಿಂದಲೇ ಕಲಿತರು ಅಂತ ನನ್ನ ಅನುಮಾನ.

90 ದಿನ ಅಂದ್ರೆ ಕಮ್ಮಿ ಅಲ್ಲ. ಅಷ್ಟರಲ್ಲಿ ಅವರು ನಿಮ್ಮ ಆಫರ್ ತೋರಿಸಿ ಇನ್ನೆರಡು ಆಫರ್ ತಗೊಂಡಿರ್ತಾರೆ. ಹದಿನೈದು ದಿನಕ್ಕೊಂದು ಸಲ ಫೋನ್ ಮಾಡಿ, ಆದರೆ "ಬರ್ತೀರಾ ಅಲ್ವಾ? ಬರ್ತೀರಾ ಅಲ್ವಾ?" ಅಂತ ಸಾಲ ಕೊಟ್ಟವರ ಥರ ಕೇಳಬೇಡಿ. ಅವರ ಮುಂದಿನ ಲೀಡ್ ಕೈಲೇ ಒಂದು ಸಲ ಮಾತಾಡಿಸಿ. "ಬೇರೆ ಆಫರ್ ಬಂದಿದ್ರೆ ನೇರವಾಗಿ ಹೇಳಿ, ನನಗೆ ಬೇಜಾರಿಲ್ಲ" ಅಂತ ನೀವೇ ಬಾಯಿಬಿಟ್ಟು ಹೇಳಿ. ಹಾಗೆ ಕೇಳಿದ ಮೇಲೆ ಎಷ್ಟೋ ಜನ ನನಗೆ ನಿಜ ಹೇಳಿದ್ದಾರೆ.

ಇನ್ನು ನಂಬಿಕೆ ವಿಷಯ. ಹತ್ತು ವರ್ಷದ ಹಿಂದೆ ಒಬ್ಬ ಹುಡುಗ "ಅಜ್ಜಿ ತೀರಿಕೊಂಡರು" ಅಂತ ಇಂಟರ್‌ವ್ಯೂ ಒಂದು ವಾರ ಮುಂದಕ್ಕೆ ಹಾಕಿಸಿಕೊಂಡ. ಆಮೇಲೆ ಬಂದ, ಆಯ್ಕೆಯಾದ. ಸೇರೋ ದಿನ ಸೋಮವಾರ, ಆಸಾಮಿ ಪತ್ತೆ ಇಲ್ಲ. ಸಂಜೆ ಫೋನ್ ಮಾಡಿ, "ಮೇಡಂ, ಊರಲ್ಲಿದ್ದೀನಿ, ಅಜ್ಜಿ ಹೋಗಿಬಿಟ್ಟರು" ಅಂದ. ನನಗೆ ಅವತ್ತು ಬೆಳಿಗ್ಗೆಯಿಂದ ಮ್ಯಾನೇಜರ್ ಕೈಲಿ ಬೈಸಿಕೊಂಡು ಸಾಕಾಗಿತ್ತು. "ಮತ್ತೆ ಸತ್ತರಾ?" ಅಂದುಬಿಟ್ಟೆ. ಪಕ್ಕದ ಡೆಸ್ಕಿನವರು ಕಿಸಕ್ಕನೆ ನಕ್ಕರು, ಅದು ಆ ಕಡೆಗೂ ಕೇಳಿಸಿರಬೇಕು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಡಂ, ಅವತ್ತು ಹೋದೋರು ಅಪ್ಪನ ಅಮ್ಮ. ಇವರು ಅಮ್ಮನ ಅಮ್ಮ" ಅಂದ.

ನನಗೂ ಇಬ್ಬರು ಅಜ್ಜಿಯರಿದ್ದರು ಅನ್ನೋದೇ ಆ ಕ್ಷಣ ನೆನಪಿರಲಿಲ್ಲ ನೋಡಿ.

ಹದಿಮೂರನೇ ದಿನ ಮುಗಿಸಿಕೊಂಡು ಬಂದು ಸೇರಿದ. ನಾನು ಕ್ಷಮೆ ಕೇಳಿದೆ. ಈಗ ಬೇರೆ ಕಂಪನಿಯಲ್ಲಿ ಮ್ಯಾನೇಜರ್ ಆಗಿದ್ದಾನೆ, ಆಗಾಗ ಯಾರನ್ನಾದರೂ ನನ್ನ ಹತ್ತಿರ ಕಳಿಸ್ತಾನೆ. ಹೋದ ತಿಂಗಳು ಒಬ್ಬ ಹುಡುಗನ ರೆಸ್ಯೂಮೆ ಕಳಿಸಿದ್ದ. ಕೆಳಗೆ ಒಂದೇ ಸಾಲು: "ಒಳ್ಳೆ ಹುಡುಗ ಮೇಡಂ, ಇಬ್ಬರು ಅಜ್ಜಿಯರೂ ಗಟ್ಟಿಮುಟ್ಟಾಗಿದ್ದಾರೆ, ವಿಚಾರಿಸಿದ್ದೀನಿ."