ಮೊದಲ ಉಣ್ಣೆ ಮೇಳಕ್ಕೆ ಹೊರಟಿದ್ದೇನೆ: ಕ್ರೋಶಾ ಮಾತ್ರ ಗೊತ್ತಿರುವವಳು ಹೇಗೆ ಸಿದ್ಧವಾಗಬೇಕು?

ಪ್ರಶ್ನೆ (ವರ್ಜೀನಿಯಾದಿಂದ)

ಎಲ್ಲರಿಗೂ ನಮಸ್ಕಾರ. ನಾನು ಮೂಲತಃ ಶಿರಸಿ ಕಡೆಯವಳು, ಈಗ ವರ್ಜೀನಿಯಾದಲ್ಲಿ ನೆಲೆಸಿದ್ದೇನೆ. ಕ್ರೋಶಾ ಹಾಕುವುದನ್ನು ದೊಡ್ಡಮ್ಮನಿಂದ ಕಲಿತೆ. ಬಿಳಿ ಹತ್ತಿ ದಾರ, ತೆಳ್ಳನೆಯ ಉಕ್ಕಿನ ಕಡ್ಡಿ, ಅದರಲ್ಲಿ ಮೇಜಿನ ಹಾಸು, ಬಾಗಿಲ ತೋರಣ, ಆಮೇಲೆ ಸೀರೆಯ ಸೆರಗಿಗೆ ರೇಷ್ಮೆ ದಾರದ ಕುಚ್ಚು: ನನ್ನ ಅಭ್ಯಾಸವೆಲ್ಲ ಇಷ್ಟೇ. ದಪ್ಪ ನೂಲಿನಲ್ಲಿ ಕೆಲಸ ಮಾಡಲು ತೊಡಗಿದ್ದು ಅಮೆರಿಕಕ್ಕೆ ಬಂದ ಮೇಲೆ, ಅದೂ ದೊಡ್ಡ ಅಂಗಡಿಗಳಲ್ಲಿ ಸಿಗುವ ಅಕ್ರಿಲಿಕ್ ನೂಲಿನಿಂದ. ನಿಜವಾದ ಉಣ್ಣೆಯ ನೂಲನ್ನು ಕೈಯಲ್ಲಿ ಹಿಡಿದು ನೋಡಿದ್ದೇ ಕಡಿಮೆ.

ಈ ಬಾರಿ ಮೇ ತಿಂಗಳಲ್ಲಿ ಮೇರಿಲ್ಯಾಂಡ್‌ನ ಕುರಿ ಮತ್ತು ಉಣ್ಣೆ ಮೇಳಕ್ಕೆ ಹೋಗಬೇಕೆಂದು ನಿರ್ಧರಿಸಿದ್ದೇನೆ. ಜೊತೆಗೆ ಬರುವವರು ಯಾರೂ ಇಲ್ಲ. ಮೇಳದ ಚಿತ್ರಗಳನ್ನು ನೋಡಿದಾಗ ಎಲ್ಲರ ಕೈಯಲ್ಲಿಯೂ ಎರಡು ಕಡ್ಡಿಯ ಹೆಣಿಗೆಯೇ ಕಾಣುತ್ತದೆ, ಮಳಿಗೆಗಳಲ್ಲಿ ತೂಗುಹಾಕಿದ ಸ್ವೆಟರ್‌ಗಳೂ ಶಾಲುಗಳೂ ಬಹುಪಾಲು ಅದೇ ಬಗೆಯವು. ಕ್ರೋಶಾ ಮಾತ್ರ ತಿಳಿದಿರುವ ನನ್ನಂಥವಳಿಗೆ ಅಲ್ಲಿ ಕಲಿಯಲು, ಕೊಳ್ಳಲು ಏನಾದರೂ ಇರುತ್ತದೆಯೇ? ಅಷ್ಟು ನೂಲುಗಳ ನಡುವೆ ಕ್ರೋಶಾ ಕಡ್ಡಿಗೆ ಹೊಂದುವಂಥದ್ದನ್ನು ಗುರುತಿಸುವುದು ಹೇಗೆ, ಒಂದು ಶಾಲಿಗೆ ಎಷ್ಟು ಕೊಳ್ಳಬೇಕು? ನಾನು ಸಸ್ಯಾಹಾರಿಯಾದ್ದರಿಂದ ಊಟದ ವಿಷಯದಲ್ಲೂ ತಿಳಿದವರು ಒಂದು ಮಾತು ಹೇಳಿದರೆ ಉಪಕಾರವಾಗುತ್ತದೆ.

ಉತ್ತರ (ಬಾಲ್ಟಿಮೋರ್ ಸಮೀಪದಿಂದ)

ನಮಸ್ಕಾರ. ಧಾರಾಳವಾಗಿ ಹೋಗಿ. ಮೊದಲ ಮೇಳವಾಗಿ ನೀವು ಆರಿಸಿಕೊಂಡದ್ದು ಬಹಳ ಒಳ್ಳೆಯದನ್ನೇ. 1974ರಲ್ಲಿ ಆರಂಭವಾದ ಈ ಮೇಳವು ಬಾಲ್ಟಿಮೋರ್‌ನ ಪಶ್ಚಿಮಕ್ಕಿರುವ ವೆಸ್ಟ್ ಫ್ರೆಂಡ್‌ಶಿಪ್ ಎಂಬ ಊರಿನ ಹೊವರ್ಡ್ ಕೌಂಟಿ ಮೇಳದ ಮೈದಾನದಲ್ಲಿ, ಮೇ ತಿಂಗಳ ಮೊದಲ ಶನಿವಾರ–ಭಾನುವಾರಗಳ ಸುಮಾರಿಗೆ ನಡೆಯುತ್ತದೆ. ಇದನ್ನು ನೂಲಿನ ಅಂಗಡಿಗಳ ಸಂತೆಯೆಂದು ಮಾತ್ರ ತಿಳಿಯಬೇಡಿ. ಕುರಿ ಸಾಕುವವರು, ಉಣ್ಣೆ ಕತ್ತರಿಸುವವರು, ನೂಲುವವರು, ಬಣ್ಣ ಹಾಕುವವರು, ನೇಯುವವರು, ಹೆಣೆಯುವವರು ಎಲ್ಲರೂ ಒಂದೇ ಮೈದಾನದಲ್ಲಿ ಸಿಗುವುದೇ ಇದರ ನಿಜವಾದ ಬೆಲೆ.

ಆದ್ದರಿಂದ ನನ್ನ ಮೊದಲ ಸಲಹೆಯೆಂದರೆ, ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಒಳಗೆ ಹೋಗಿ, ಮಳಿಗೆಗಳ ಕಡೆ ತಿರುಗುವ ಮುನ್ನ ಕುರಿಗಳ ಕೊಟ್ಟಿಗೆಗಳನ್ನು ನೋಡಿಕೊಂಡು ಬನ್ನಿ. ಅಲ್ಲಿ ಬೇರೆ ಬೇರೆ ತಳಿಯ ಕುರಿಗಳನ್ನು ಹತ್ತಿರದಿಂದ ನೋಡಬಹುದು, ಸಾಕಿದವರು ಪಕ್ಕದಲ್ಲೇ ಕುಳಿತಿರುತ್ತಾರೆ, ಕೇಳಿದರೆ ಸಂತೋಷದಿಂದ ವಿವರಿಸುತ್ತಾರೆ. ಮೆರಿನೊ ಕುರಿಯ ಉಣ್ಣೆಯ ಎಳೆ 24 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಅಥವಾ ಅದಕ್ಕಿಂತ ಸಣ್ಣದಿದ್ದು ಕುತ್ತಿಗೆಗೂ ಹಿತವಾಗಿರುತ್ತದೆ. ರಾಮ್ನಿ ತಳಿಯದು 30 ಮೈಕ್ರಾನ್ ದಾಟುವುದರಿಂದ ಗಟ್ಟಿಮುಟ್ಟು, ಹೊರಗೆ ತೊಡುವ ಬಟ್ಟೆಗೂ ಚೀಲಕ್ಕೂ ಸರಿ. ಲಿಂಕನ್ ತಳಿಯದು ಇನ್ನೂ ಒರಟು, ಆದರೆ ಉದ್ದ ಸುರುಳಿಗಳಾಗಿ ಹೊಳೆಯುತ್ತದೆ. ಇಷ್ಟನ್ನು ಕಣ್ಣಾರೆ ನೋಡಿದ ಮೇಲೆ ಮಳಿಗೆಯಲ್ಲಿ ಲಡಿಗೆ ಕಟ್ಟಿದ ಚೀಟಿಯ ಮೇಲಿನ ತಳಿಯ ಹೆಸರು ನಿಮಗೆ ಅರ್ಥವುಳ್ಳದ್ದಾಗುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಕ್ರೋಶಾದಲ್ಲಿ ಕಡ್ಡಿಯ ತುದಿಯ ಕೊಕ್ಕೆ ಪ್ರತಿ ಕುಣಿಕೆಯಲ್ಲೂ ನೂಲಿನೊಳಗೆ ನುಗ್ಗಿ ಹೊರಬರಬೇಕು. ಹುರಿ ಸಡಿಲವಾಗಿರುವ ನೂಲಾದರೆ ಕೊಕ್ಕೆಯು ಎಳೆಗಳ ನಡುವೆ ಸಿಕ್ಕಿಕೊಂಡು ನೂಲು ಸೀಳುತ್ತದೆ. ಒಂದೇ ಎಳೆಯ, ಹತ್ತಿಯಂತೆ ಉಬ್ಬಿದ ನೂಲು ನೋಡಲು ಚೆಂದವಿದ್ದರೂ ನಿಮ್ಮ ಮೊದಲ ಆಯ್ಕೆ ಅದಾಗದಿರಲಿ. ಮೂರು ಅಥವಾ ಹೆಚ್ಚು ಎಳೆಗಳನ್ನು ಬಿಗಿಯಾಗಿ ಹುರಿ ಮಾಡಿದ, ದುಂಡಗಿರುವ ನೂಲಿನಲ್ಲಿ ಕ್ರೋಶಾದ ಕುಣಿಕೆಗಳು ಸ್ಪಷ್ಟವಾಗಿ ಎದ್ದು ಕಾಣುತ್ತವೆ. ಮೊಹೇರ್‌ನಂಥ ರೋಮದ ನೂಲಿನಲ್ಲಿ ಹಾಕಿದ್ದನ್ನು ಬಿಚ್ಚುವುದು ಬಹಳ ಕಷ್ಟ. ಅದನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ.

ಪ್ರಮಾಣದ ವಿಷಯದಲ್ಲಿ ಸ್ವಲ್ಪ ವಿವರವಾಗಿಯೇ ಹೇಳಬೇಕು. ಇಲ್ಲಿನ ಮಳಿಗೆಗಳಲ್ಲಿ ಹೆಚ್ಚಾಗಿ ಕಾಣುವುದು ಫಿಂಗರಿಂಗ್ ಎಂದು ಕರೆಯುವ ತೆಳು ನೂಲು. ಅದರ 100 ಗ್ರಾಂ ಲಡಿಯಲ್ಲಿ ಸುಮಾರು 400 ಮೀಟರ್ ಇರುತ್ತದೆ, ಮತ್ತು ‘ಒಂದೇ ಲಡಿಯಲ್ಲಿ ಒಂದು ಶಾಲು’ ಎಂದು ಅವರು ಹೇಳುವುದು ಎರಡು ಕಡ್ಡಿಯ ಹೆಣಿಗೆಯ ಲೆಕ್ಕದಲ್ಲಿ. ಕ್ರೋಶಾ ಕುಣಿಕೆ ದಪ್ಪವಾದ್ದರಿಂದ ಅಷ್ಟೇ ಅಳತೆಯ ಬಟ್ಟೆಗೆ ಸಾಮಾನ್ಯವಾಗಿ ಮೂರನೇ ಒಂದು ಭಾಗದಷ್ಟು ಹೆಚ್ಚು ನೂಲು ಬೇಕೆಂದು ಅಂದಾಜು ಮಾಡುತ್ತಾರೆ. ಕುಣಿಕೆಯ ಬಗೆಯನ್ನೂ ಕಡ್ಡಿಯ ಗಾತ್ರವನ್ನೂ ಅವಲಂಬಿಸಿ ಇದು ಬದಲಾಗುತ್ತದೆ. ಹೆಗಲು ತುಂಬುವ ಶಾಲಿಗೆ ಎರಡು ಲಡಿಗಳನ್ನು, ಒಂದೇ ಸಲ ಬಣ್ಣದ ಪಾತ್ರೆಯಿಂದ ಬಂದವನ್ನು ನೋಡಿ, ಒಟ್ಟಿಗೆ ಕೊಳ್ಳಿ. ಕೈಯಲ್ಲಿ ಬಣ್ಣ ಹಾಕಿದ ನೂಲಿಗೆ ಆಮೇಲೆ ಜೋಡಿ ಸಿಗುವುದು ದುರ್ಲಭ. ಒಟ್ಟಿಗೆ ಕೊಂಡ ಎರಡು ಲಡಿಗಳಲ್ಲಿಯೂ ಛಾಯೆಯ ವ್ಯತ್ಯಾಸ ಇರಬಹುದಾದ್ದರಿಂದ ಎರಡನ್ನೂ ಸಾಲು ಬಿಟ್ಟು ಸಾಲು ಬಳಸಿದರೆ ಗೆರೆ ಎದ್ದು ಕಾಣುವುದಿಲ್ಲ. ಹಲವು ಬಣ್ಣಗಳ ಲಡಿಯನ್ನು ಕೊಳ್ಳುವ ಮುನ್ನ ‘ಇದರಲ್ಲಿ ಕ್ರೋಶಾ ಹಾಕಿದ ಮಾದರಿ ಇದೆಯೇ?’ ಎಂದು ಕೇಳಿ, ಏಕೆಂದರೆ ಹೆಣಿಗೆಯಲ್ಲಿ ತೆಳುವಾಗಿ ಹರಡುವ ಬಣ್ಣವು ಕ್ರೋಶಾದಲ್ಲಿ ಅಲ್ಲಲ್ಲಿ ಗುಂಪಾಗಿ ನಿಲ್ಲುತ್ತದೆ.

ಊಟಕ್ಕೆ ಕುರಿಮಾಂಸದ ತಿನಿಸುಗಳೇ ಎದ್ದು ಕಾಣುತ್ತವೆ. ಚಪಾತಿ–ಪಲ್ಯವನ್ನೋ ಚಿತ್ರಾನ್ನವನ್ನೋ ಕಟ್ಟಿಕೊಂಡು ಹೋಗುವುದು ನೆಮ್ಮದಿ.

ಉತ್ತರ (ಚಿತ್ರದುರ್ಗದಿಂದ)

ಮೇಲಿನವರು ಹೇಳಿದ್ದಕ್ಕೆ ಮುಟ್ಟಿ ನೋಡುವ ವಿಷಯದಲ್ಲಿ ಕೆಲವು ಮಾತು ಸೇರಿಸುತ್ತೇನೆ. ನಮ್ಮ ಜಿಲ್ಲೆಯ ಕಂಬಳಿಯ ನಡುವೆ ಬೆಳೆದವನು ನಾನು. ದಖ್ಖನಿ ಕುರಿಯ ಕಪ್ಪು ಉಣ್ಣೆಯನ್ನು ಹೆಂಗಸರು ನೂತು, ಮಗ್ಗಕ್ಕೆ ಉದ್ದುದ್ದ ಕಟ್ಟುವ ಹಾಸಿನ ಎಳೆಗಳನ್ನು ಹುಣಸೆ ಬೀಜದ ಅಂಟಿನಿಂದ ಗಟ್ಟಿ ಮಾಡಿ, ಗುಂಡಿ ಮಗ್ಗದಲ್ಲಿ ನೇಯುವ ಆ ಕಂಬಳಿ ಒರಟಾಗಿರುವುದರಿಂದಲೇ ಮಳೆಗೂ ಚಳಿಗೂ ಹೊಲದ ಕೆಲಸಕ್ಕೂ ತಡೆಯುತ್ತದೆ. ಹಾಗಾಗಿ ಮೆತ್ತಗಿರುವ ಉಣ್ಣೆ ಮಾತ್ರ ಉತ್ತಮ, ಒರಟಾದದ್ದು ಕೀಳು ಎಂಬ ಎಣಿಕೆಯನ್ನು ಬಿಟ್ಟು ಮೇಳಕ್ಕೆ ಹೋಗಬೇಕೆಂದು ನನಗೆ ಬಲವಾಗಿ ಅನಿಸುತ್ತದೆ. ಯಾವುದಕ್ಕೆ ಬಳಸುತ್ತೇವೆ ಎಂಬುದು ಮೊದಲು ತೀರ್ಮಾನವಾಗಲಿ.

ಕುತ್ತಿಗೆಗೆ ತಾಗುವ ಬಟ್ಟೆಗಾದರೆ ಬೆರಳಿನಿಂದ ಮುಟ್ಟಿ ನಿರ್ಧರಿಸಬೇಡಿ, ಬೆರಳಿನ ಚರ್ಮ ದಪ್ಪ. ಮಾರುವವರ ಒಪ್ಪಿಗೆ ಪಡೆದು ಲಡಿಯನ್ನು ಗಲ್ಲದ ಕೆಳಗೆ ಸ್ವಲ್ಪ ಹೊತ್ತು ಹಿಡಿದರೆ ಅದು ಚುಚ್ಚುತ್ತದೆಯೋ ಇಲ್ಲವೋ ಕೂಡಲೇ ತಿಳಿಯುತ್ತದೆ. ಯಂತ್ರದಲ್ಲಿ ಒಗೆಯಬಹುದೇ ಎಂದು ಕೇಳುವುದನ್ನು ಮರೆಯಬೇಡಿ. ಉಣ್ಣೆಯ ಎಳೆಯ ಮೇಲೆ ಸಣ್ಣ ಪೊರೆಗಳಿರುತ್ತವೆ. ಬಿಸಿನೀರು, ಸಾಬೂನು, ತಿಕ್ಕಾಟ ಮೂರೂ ಸೇರಿದಾಗ ಅವು ಒಂದಕ್ಕೊಂದು ಹೆಣೆದುಕೊಂಡು ಬಟ್ಟೆ ಕುಗ್ಗಿ ಜಡೆಗಟ್ಟುತ್ತದೆ. ಸೂಪರ್‌ವಾಷ್ ಎಂದು ಬರೆದಿದ್ದರೆ ಆ ಪೊರೆಗಳನ್ನು ಸಂಸ್ಕರಿಸಿ ಅಡಗಿಸಿದ್ದಾರೆ ಎಂದರ್ಥ. ಅಂಥ ನೂಲು ಕುಗ್ಗುವುದಿಲ್ಲ, ಆದರೆ ತೊಳೆದ ಮೇಲೆ ಹಿಗ್ಗಬಹುದು. ಕ್ರೋಶಾದ ಭಾರವಾದ ಉಡುಪಿಗೆ ಇದು ಗಮನಿಸಬೇಕಾದ ಸಂಗತಿ. ಕತ್ತರಿಸಿದ ಹಸಿ ಉಣ್ಣೆಯನ್ನು ಇಡಿಯಾಗಿ ಮಾರುವ ಕಡೆಯೂ ಹೋಗಿ ನೋಡಿ, ಅದರ ಜಿಡ್ಡು, ವಾಸನೆ ಎರಡನ್ನೂ ಅರಿಯಬೇಕು. ಕೊಳ್ಳುವುದು ಮಾತ್ರ ನೂಲಲು ಕಲಿತ ಮೇಲಾಗಲಿ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಹುರಿಯ ವಿಷಯ ನನಗೆ ಚೆನ್ನಾಗಿ ಮನದಟ್ಟಾಯಿತು, ಏಕೆಂದರೆ ಕುಚ್ಚಿನ ರೇಷ್ಮೆ ದಾರವನ್ನು ಹುರಿ ಮಾಡದೆ ಬಳಸಿದಾಗ ಕಡ್ಡಿ ಸಿಕ್ಕಿಕೊಳ್ಳುವುದನ್ನು ಪ್ರತಿದಿನ ಕಾಣುತ್ತೇನೆ. ಇನ್ನೂ ಎರಡು ಸಂದೇಹಗಳಿವೆ. ಕೈಯಿಂದ ಕೆತ್ತಿದ ಮರದ ಕ್ರೋಶಾ ಕಡ್ಡಿಗಳು ಅಲ್ಲಿ ಸಿಗುತ್ತವೆಯೆಂದು ಕೇಳಿದ್ದೇನೆ, ಅವನ್ನು ಆರಿಸುವುದು ಹೇಗೆ? ಎರಡನೆಯದು, ಸಂಕೋಚದ ಮಾತು. ಎಲ್ಲರೂ ಹೆಣೆಯುತ್ತಿರುವಾಗ ನಾನೊಬ್ಬಳು ಕ್ರೋಶಾ ತೆಗೆದು ಕುಳಿತರೆ ಅವರು ಹೇಗೆ ಕಾಣುತ್ತಾರೆ?

ಉತ್ತರ (ನ್ಯೂಜೆರ್ಸಿಯಿಂದ)

ಅಕ್ಕಾ, ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಆ ಸಂಕೋಚವೇ ಎಷ್ಟೋ ಮಂದಿ ಕ್ರೋಶಾ ಹಾಕುವವರನ್ನು ಇಂಥ ಮೇಳಗಳಿಂದ ದೂರವಿಟ್ಟಿದೆ. ಮಳಿಗೆಗಳ ಮಾದರಿಗಳಲ್ಲಿ, ಮಾರಾಟಕ್ಕಿರುವ ನಕ್ಷೆಗಳಲ್ಲಿ ಹೆಣಿಗೆಯ ಪಾಲು ಹೆಚ್ಚು ಎಂಬುದು ನಿಜ. ಆದರೆ ಮೈದಾನದಲ್ಲಿ ಕುಳಿತವರಲ್ಲಿ ಕ್ರೋಶಾದವರು ವಿರಳರೇನೂ ಅಲ್ಲ. ಎರಡನ್ನೂ ಬಲ್ಲವರೂ ಬಹಳ ಮಂದಿ ಇರುತ್ತಾರೆ. ಕ್ರೋಶಾ ಹಾಕುವವರದೇ ಸಂಘವಾದ ಅಮೆರಿಕದ ಕ್ರೋಶಾ ಗಿಲ್ಡ್ 1994ರಲ್ಲೇ ಹುಟ್ಟಿತು. ನಮ್ಮ ಕಡೆಯಾದರೆ, 2016ರ ಜನವರಿಯಲ್ಲಿ ಚೆನ್ನೈಯಲ್ಲಿ ಹೆಂಗಸರು ಕೂಡಿ ಜೋಡಿಸಿದ ಕ್ರೋಶಾ ಹೊದಿಕೆ 11,148.5 ಚದರ ಮೀಟರ್ ಇದ್ದು ಗಿನ್ನೆಸ್ ದಾಖಲೆ ಬರೆಯಿತು. ಹೆಣಿಗೆಯನ್ನು ಯಂತ್ರ ಮಾಡಬಲ್ಲದು, ನಿಜವಾದ ಕ್ರೋಶಾವನ್ನು ಇಂದಿಗೂ ಕೈಯೇ ಹಾಕಬೇಕು. ಇಂಥ ವಿದ್ಯೆಯನ್ನು ಕೈಯಲ್ಲಿಟ್ಟುಕೊಂಡು ಹಿಂದೆ ಸರಿಯುವ ಕಾರಣವೇ ಇಲ್ಲ.

ನೀವೇ ಹಾಕಿದ ಯಾವುದನ್ನಾದರೂ ತೊಟ್ಟು ಹೋಗಿ. ಸಾಧ್ಯವಾದರೆ ಕ್ರೋಶಾ ಕುಚ್ಚು ಇರುವ ಒಂದು ಸೀರೆಯ ಸೆರಗನ್ನೋ ದುಪಟ್ಟಾವನ್ನೋ ಹೆಗಲಿಗೆ ಹಾಕಿಕೊಳ್ಳಿ. ಒಂದು ಮಿಲಿಮೀಟರಿನ ಆಸುಪಾಸಿನ ಕಡ್ಡಿಯಲ್ಲಿ ರೇಷ್ಮೆ ದಾರದಿಂದ ಮಣಿ ಸೇರಿಸಿ ಹಾಕಿದ ಆ ಕೆಲಸವನ್ನು ಅಲ್ಲಿನ ಬಹುತೇಕರು ನೋಡಿಯೇ ಇರುವುದಿಲ್ಲ. ಅವರಾಗಿಯೇ ಬಂದು ಮಾತನಾಡಿಸುತ್ತಾರೆ, ಒಬ್ಬರೇ ಹೋಗಿದ್ದೀರೆಂಬುದೇ ಮರೆತುಹೋಗುತ್ತದೆ. ಚೀಲದಲ್ಲಿ ಒಂದು ಸಣ್ಣ ಕೆಲಸ ಇರಲಿ. ನೋಡದೆಯೂ ಹಾಕಬಲ್ಲಂಥ ಸರಳ ಸಾಲುಗಳಾದರೆ ಮಾತಿನ ನಡುವೆ ತಪ್ಪುವುದಿಲ್ಲ.

ಕಡ್ಡಿಗಳ ವಿಷಯದಲ್ಲಿ, ಕೈಯಲ್ಲಿ ಹಿಡಿದು ನೋಡದೆ ಕೊಳ್ಳಬೇಡಿ. ಪೆನ್ನಿನಂತೆ ಹಿಡಿಯುವವರಿಗೂ ಚಾಕುವಿನಂತೆ ಹಿಡಿಯುವವರಿಗೂ ಹಿಡಿಯ ದಪ್ಪ, ಉದ್ದ ಬೇರೆ ಬೇರೆಯಾಗಿ ಹೊಂದುತ್ತವೆ. ಕೊಕ್ಕೆಯ ತುಟಿಯ ಮೇಲೆ ಉಗುರು ಆಡಿಸಿದಾಗ ಎಲ್ಲಿಯೂ ಗೀರಬಾರದು, ಗೀರಿದರೆ ನೂಲನ್ನೂ ಗೀರುತ್ತದೆ. ಕೊಕ್ಕೆಯಿಂದ ಹಿಡಿಯವರೆಗಿನ ಭಾಗ ಒಂದೇ ಗಾತ್ರದಲ್ಲಿ ಸಾಕಷ್ಟು ಉದ್ದವಿದ್ದರೆ ಕುಣಿಕೆಗಳು ಒಂದೇ ಅಳತೆಗೆ ಬರುತ್ತವೆ. ಗಾತ್ರವನ್ನು ಯಾವಾಗಲೂ ಮಿಲಿಮೀಟರಿನಲ್ಲಿ ಕೇಳಿ. ಇಲ್ಲಿನ ಅಕ್ಷರದ ಲೆಕ್ಕದಲ್ಲಿ ಹೆಚ್ ಎಂದರೆ 5 ಮಿಲಿಮೀಟರ್, ಆದರೆ ಉಕ್ಕಿನ ಕಡ್ಡಿಗಳಲ್ಲಿ ಅಂಕಿ ದೊಡ್ಡದಾದಷ್ಟೂ ಕಡ್ಡಿ ಸಣ್ಣದಾಗುತ್ತದೆ. ಕುಚ್ಚಿನ ಕೈಯಿರುವ ನೀವು ಸಹಜವಾಗಿ ಬಿಗಿಯಾಗಿ ಹಾಕುತ್ತೀರಿ. ಉಣ್ಣೆಯ ಶಾಲು ಮೈಮೇಲೆ ಇಳಿಬೀಳಬೇಕಾದರೆ ಚೀಟಿಯಲ್ಲಿ ಸೂಚಿಸಿದ್ದಕ್ಕಿಂತ ಒಂದು ಅಥವಾ ಎರಡು ಗಾತ್ರ ದೊಡ್ಡ ಕಡ್ಡಿಯನ್ನು ಆರಿಸಿಕೊಳ್ಳಿ.

ಉತ್ತರ (ಬಾಲ್ಟಿಮೋರ್ ಸಮೀಪದಿಂದ, ಮತ್ತೆ)

ಒಂದು ವಿಷಯ ಉಳಿದಿತ್ತು. ಬಹುತೇಕ ನೂಲು ಲಡಿಯ ರೂಪದಲ್ಲೇ ಸಿಗುವುದರಿಂದ ಉಂಡೆ ಸುತ್ತದೆ ಕ್ರೋಶಾಗೆ ತೊಡಗಿದರೆ ಸಿಕ್ಕಾಗುವುದು ಖಚಿತ. ಕೆಲವು ಮಳಿಗೆಗಳಲ್ಲಿ ಸುತ್ತಿಕೊಡುತ್ತಾರೆ, ಇಲ್ಲವಾದರೆ ಮನೆಯಲ್ಲಿ ಕುರ್ಚಿಯ ಬೆನ್ನಿಗೆ ಲಡಿಯನ್ನು ಹಾಕಿ ನಿಧಾನವಾಗಿ ಸುತ್ತಿಕೊಳ್ಳಬಹುದು. ಮೊದಲ ಸುತ್ತಿನಲ್ಲಿ ಏನನ್ನೂ ಕೊಳ್ಳದೆ ಮಳಿಗೆಯ ಹೆಸರು, ನೂಲಿನ ತಳಿ, ಮೀಟರ್, ಬೆಲೆ ಇಷ್ಟನ್ನು ಬರೆದುಕೊಂಡು, ಊಟದ ನಂತರ ಎರಡನೆಯ ಸುತ್ತಿನಲ್ಲಿ ಕೊಳ್ಳುವುದನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಆದರೆ ಸಣ್ಣ ತೋಟಗಳವರು ತಮ್ಮದೇ ಕುರಿಗಳ ಉಣ್ಣೆಯಿಂದ ಮಾಡಿಸಿದ ನೂಲು ಮಧ್ಯಾಹ್ನದೊಳಗೆ ಮುಗಿದುಹೋಗುವುದುಂಟು. ಅಂಥದ್ದು ಮನಸ್ಸಿಗೆ ಬಂದರೆ ಅಲ್ಲೇ ಕೊಂಡುಬಿಡಿ.

ತಂಡಗಳು ಉಣ್ಣೆಯನ್ನು ನೂತು ಮಗ್ಗದ ಮೇಲೆ ಕೆಲವೇ ಗಂಟೆಗಳಲ್ಲಿ ಶಾಲು ನೇಯುವ ಸ್ಪರ್ಧೆಯನ್ನು ತಪ್ಪಿಸಬೇಡಿ, ನೂಲಿನ ಹುರಿ ಹೇಗೆ ಹುಟ್ಟುತ್ತದೆಂಬುದು ಅಲ್ಲಿ ಕಣ್ಣಮುಂದೆಯೇ ಕಾಣುತ್ತದೆ. ತಕಲಿಯಲ್ಲಿ ನೂಲುವುದನ್ನು ಕಲಿಯಬೇಕೆನಿಸಿದರೆ ತರಗತಿಗಳಿಗೆ ಮೊದಲೇ ನೋಂದಾಯಿಸಬೇಕು, ಸ್ಥಳಗಳು ಬೇಗ ತುಂಬುತ್ತವೆ. ಮೇ ತಿಂಗಳಲ್ಲಿ ಮಳೆ ಬಂದು ಮೈದಾನ ಕೆಸರಾಗುವುದೂ ಉಂಟು, ಬಿಸಿಲು ಸುಡುವುದೂ ಉಂಟು. ಗಟ್ಟಿ ಬೂಟು, ಟೋಪಿ, ನೀರು, ಸ್ವಲ್ಪ ನಗದು ಜೊತೆಗಿರಲಿ.